ಕಡಿಮೆ ಕೊಟ್ಟ ಸರ್ಕಾರ, ಕಾಯುತ್ತಿರುವ ಫಲಾನುಭವಿ: ಬಾಕಿ ಪಾವತಿಯ ಒಳಲೆಕ್ಕ

ನಿವೃತ್ತ ಸೈನಿಕರ ‘ಒಂದು ಶ್ರೇಣಿ, ಒಂದು ಪಿಂಚಣಿ’ (ಯಾವಾಗ ನಿವೃತ್ತರಾದರೂ ಒಂದೇ ಶ್ರೇಣಿ, ಒಂದೇ ಸೇವಾವಧಿಯವರಿಗೆ ಒಂದೇ ಪಿಂಚಣಿ) ಬಾಕಿಯ ಬಗ್ಗೆ ಸುಪ್ರೀಂ ಕೋರ್ಟ್ 2023ರ ಮಾರ್ಚ್ 20ರಂದು ಹೊರಡಿಸಿದ ಆದೇಶದಲ್ಲಿ ಕಾನೂನಿನ ಚರ್ಚೆಗಿಂತ ದಿನಾಂಕಗಳದ್ದೇ ಭರಾಟೆ. ಕುಟುಂಬ ಪಿಂಚಣಿದಾರರಿಗೆ ಮತ್ತು ಶೌರ್ಯ ಪದಕ ಪಡೆದವರಿಗೆ ಏಪ್ರಿಲ್ 30ರೊಳಗೆ ಕೊಡಬೇಕು. 70 ವರ್ಷ ದಾಟಿದವರಿಗೆ ಜೂನ್ 30ರೊಳಗೆ ಕೊಡಬೇಕು. ಉಳಿದವರಿಗೆ ಮೂರು ಸಮಾನ ಕಂತುಗಳಲ್ಲಿ 2024ರ ಫೆಬ್ರುವರಿ 28ರೊಳಗೆ ಮುಗಿಸಬೇಕು. ಸಂವಿಧಾನದ ಕಗ್ಗಂಟುಗಳನ್ನು ಬಿಡಿಸುವ ನ್ಯಾಯಾಲಯ ಖಜಾನೆ ಗುಮಾಸ್ತರು ಮಾಡಬೇಕಾದ ವೇಳಾಪಟ್ಟಿಯನ್ನು ಬರೆಯುವ ಸ್ಥಿತಿ ಬಂದದ್ದು ಹೇಗೆ?

ಹಣ ಕೊಡಬೇಕೆಂಬುದು ಒಂದು ವರ್ಷ ಮೊದಲೇ ತೀರ್ಮಾನವಾಗಿತ್ತು. 2019ರ ಜುಲೈ 1ರಿಂದ ಪಿಂಚಣಿಯನ್ನು ಮರುನಿಗದಿ ಮಾಡಿ, ಮೂರು ತಿಂಗಳಲ್ಲಿ ಬಾಕಿ ಚುಕ್ತಾ ಮಾಡಿ ಎಂದು ಅದೇ ನ್ಯಾಯಾಲಯ 2022ರ ಮಾರ್ಚ್ 16ರಂದು ಹೇಳಿತ್ತು. ಆಮೇಲೆ ಗಡುವು ವಿಸ್ತರಣೆಯ ಅರ್ಜಿಗಳು ಬಂದವು. 2023ರ ಜನವರಿಯಲ್ಲಿ ರಕ್ಷಣಾ ಸಚಿವಾಲಯ ತಾನೇ ಒಂದು ಪತ್ರ ಹೊರಡಿಸಿ, ಆರು ತಿಂಗಳಿಗೊಂದರಂತೆ ನಾಲ್ಕು ಕಂತುಗಳಲ್ಲಿ ಕೊಡುವುದಾಗಿ ಹೇಳಿತು. ಸುಮಾರು 28,000 ಕೋಟಿ ರೂಪಾಯಿಯನ್ನು ಒಮ್ಮೆಗೇ ಹೊಂದಿಸುವುದು ಕಷ್ಟ ಎಂಬುದು ಸರ್ಕಾರದ ವಾದ. ಆ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಎಂಬತ್ತರ ಆಸುಪಾಸಿನಲ್ಲಿರುವ ಪಿಂಚಣಿದಾರನಿಗೆ ನಾಲ್ಕನೆಯ ಕಂತು ಎಂದರೇನು ಎಂಬ ಪ್ರಶ್ನೆಗೆ ಆ ವಾದದಲ್ಲಿ ಜಾಗವಿರಲಿಲ್ಲ. ನ್ಯಾಯಾಲಯ ವಯಸ್ಸಿನ ಪ್ರಕಾರ ಸರದಿ ಹಾಕಿದ್ದು ಆ ಜಾಗವನ್ನು ತುಂಬಲೆಂದೇ.

ಸರ್ಕಾರ ಬದುಕಿರುವ ಫಲಾನುಭವಿಗೆ ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟಾಗ, ‘ತಪ್ಪಾಗಿದೆ, ವ್ಯತ್ಯಾಸ ಕೊಟ್ಟುಬಿಡಿ’ ಎನ್ನುವುದು ಸುಲಭದ ಮಾತು. ಕೊಡುವ ಹಂತಕ್ಕೆ ಬಂದಾಗ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ತಪ್ಪನ್ನು ಹುಡುಕಬೇಕಾದವರು ಯಾರು? ಎಷ್ಟು ವರ್ಷ ಹಿಂದಕ್ಕೆ ಹೋಗಬೇಕು? ಬಡ್ಡಿ ಉಂಟೇ? ಒಮ್ಮೆಗೇ ಕೊಡುವುದೇ, ಕಂತಿನಲ್ಲೇ? ಬಂದ ಹಣದಿಂದಲೇ ಇನ್ನೊಂದು ಸವಲತ್ತು ತಪ್ಪಿಹೋದರೆ? ನಾನಾ ದೇಶಗಳ ಅನುಭವ ನೋಡಿದರೆ, ಈ ಪ್ರಶ್ನೆಗಳಿಗೆ ಬರೆದಿಟ್ಟ ಉತ್ತರಗಳಲ್ಲಿ ಹೆಚ್ಚಿನವು ತಪ್ಪಿನ ಭಾರವನ್ನು ತಪ್ಪು ಮಾಡಿದವರ ಹೆಗಲಿನಿಂದ ಇಳಿಸಿ, ನಷ್ಟ ಉಂಡವರ ಹೆಗಲಿಗೆ ಏರಿಸುವಂಥವು. ಅದೂ ಬಹಳ ಸದ್ದಿಲ್ಲದೆ.

ಬ್ರಿಟನ್ನಿನ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇಷ್ಟು ಚೆನ್ನಾಗಿ ದಾಖಲಾದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಅಲ್ಲಿನ ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿ, ಅಂದರೆ 2016ರ ಏಪ್ರಿಲ್ 6ಕ್ಕೆ ಮೊದಲು ಪಿಂಚಣಿ ವಯಸ್ಸು ತಲುಪಿದವರ ವಿಷಯದಲ್ಲಿ, ದುಡಿಯುವಾಗ ಪಿಂಚಣಿಗಾಗಿ ಕಟ್ಟಿದ ಸ್ವಂತ ವಂತಿಗೆ ಕಡಿಮೆ ಇದ್ದ ವಿವಾಹಿತ ಮಹಿಳೆಗೆ ಗಂಡನ ವಂತಿಗೆಯ ದಾಖಲೆಯ ಆಧಾರದ ಮೇಲೆ ಮೂಲ ಪಿಂಚಣಿಯ ಶೇ 60ರವರೆಗೆ ಸಿಗಬೇಕು. ಗಂಡ ತೀರಿಕೊಂಡರೆ ಅದು ಇನ್ನೂ ಏರಬೇಕು. 80 ತುಂಬಿದರೆ, ವಂತಿಗೆ ಏನೂ ಇಲ್ಲದಿದ್ದರೂ, ಒಂದು ಕನಿಷ್ಠ ಮೊತ್ತ ಬರಬೇಕು. ನಿಯಮ ಉದಾರವಾಗಿಯೇ ಇತ್ತು. ಅದನ್ನು ನಡೆಸಿಕೊಂಡು ಹೋಗುವ ಯಂತ್ರ ಮಾತ್ರ 1980ರ ದಶಕದ್ದು. ಮಹಿಳೆಯೊಬ್ಬರಿಗೆ ಪಿಂಚಣಿ ಮಂಜೂರು ಮಾಡುವಾಗ, ಮುಂದೆ ಅವರ ಗಂಡ ನಿವೃತ್ತರಾದಾಗ ಅಥವಾ ಅವರಿಗೆ 80 ತುಂಬಿದಾಗ ಈ ಕಡತವನ್ನು ಮತ್ತೆ ತೆರೆಯಬೇಕು ಎಂಬ ಜ್ಞಾಪನೆಯನ್ನು ಸಿಬ್ಬಂದಿಯೇ ಕೈಯಾರೆ ಕಂಪ್ಯೂಟರಿಗೆ ನಮೂದಿಸಬೇಕಿತ್ತು. ಕೆಲವರು ನಮೂದಿಸಲಿಲ್ಲ. ನಮೂದಿಸಿದ ಕಡೆ, ವರ್ಷಗಳ ನಂತರ ಜ್ಞಾಪನೆ ಪರದೆಯ ಮೇಲೆ ಬಂದಾಗ ಅದನ್ನು ನೋಡಿ ಕೆಲಸ ಮುಗಿಸಬೇಕಾದ ಇನ್ನೊಬ್ಬರು ಮುಗಿಸಲಿಲ್ಲ. ಇದರ ಹಿಂದೆ ಯಾವ ಹಗರಣವೂ ಇರಲಿಲ್ಲ, ಲಂಚವೂ ಇರಲಿಲ್ಲ. ಮರೆವು ಮಾತ್ರ ಇತ್ತು, 1985ರಿಂದ.

ಇದು ಬೆಳಕಿಗೆ ಬಂದದ್ದು 2020ರಲ್ಲಿ. ಅದೂ ಇಲಾಖೆಯ ಒಳಗಿನಿಂದಲ್ಲ, ಮಾಜಿ ಪಿಂಚಣಿ ಸಚಿವ ಸ್ಟೀವ್ ವೆಬ್ ಮತ್ತು ಪತ್ರಕರ್ತರು ಬಿಡಿ ಬಿಡಿ ಪ್ರಕರಣಗಳನ್ನು ಹಿಡಿದು ಕೇಳುತ್ತಾ ಹೋದದ್ದರಿಂದ. 2021ರ ಜನವರಿ 11ರಂದು ಇಲಾಖೆ ತಿದ್ದುಪಡಿ ಕಾರ್ಯ ಆರಂಭಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಪ್ರಕಟಿಸಿದ ವರದಿಯಲ್ಲಿದ್ದ ಅಂದಾಜು ಇದು: 1.34 ಲಕ್ಷ ಪಿಂಚಣಿದಾರರಿಗೆ, ಬಹುಪಾಲು ಮಹಿಳೆಯರಿಗೆ, 100 ಕೋಟಿ ಪೌಂಡಿಗೂ ಹೆಚ್ಚು ಬಾಕಿ. ಸರಾಸರಿ ಒಬ್ಬರಿಗೆ 8,900 ಪೌಂಡ್. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದನ್ನು ನಾಚಿಕೆಗೇಡಿನ ಅವ್ಯವಸ್ಥೆ ಎಂದು ಕರೆಯಿತು.

ಇಲ್ಲಿಯವರೆಗೆ ಇದು ಆಡಳಿತದ ಅಸಡ್ಡೆಯ ಕತೆ. ನನಗೆ ಇದಕ್ಕಿಂತ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು 2008ರ ಮಾರ್ಚ್ 17 ಎಂಬ ದಿನಾಂಕ. ಅಂದಿನಿಂದ ಈ ಹೆಚ್ಚಳ ತಾನಾಗಿಯೇ ಸಿಗಬೇಕು ಎಂದು ನಿಯಮ ಬದಲಾಯಿತು. ಅದಕ್ಕೆ ಮೊದಲು ಗಂಡ ಪಿಂಚಣಿ ವಯಸ್ಸು ತಲುಪಿದ್ದರೆ, ಹೆಂಡತಿಯೇ ಪ್ರತ್ಯೇಕ ಅರ್ಜಿ ಹಾಕಬೇಕಿತ್ತು. ಎರಡೂ ಗುಂಪಿನವರು ಕಳೆದುಕೊಂಡದ್ದು ಒಂದೇ ಬಗೆಯ ಹಣ. ಆದರೆ ಹೊಸ ನಿಯಮದಡಿ ಬರುವವರಿಗೆ ಪೂರ್ತಿ ಬಾಕಿ ಸಿಗುತ್ತದೆ. ಹಳೆಯ ನಿಯಮದವರಿಗೆ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ 12 ತಿಂಗಳದ್ದು ಮಾತ್ರ. 2020–21ರ ದರದಲ್ಲಿ ಲೆಕ್ಕ ಹಾಕೋಣ. ಪೂರ್ಣ ಮೂಲ ಪಿಂಚಣಿ ವಾರಕ್ಕೆ 134.25 ಪೌಂಡ್, ಅದರ ಶೇ 60 ಎಂದರೆ ಸುಮಾರು 80.45 ಪೌಂಡ್. ವಾರಕ್ಕೆ 30 ಪೌಂಡ್ ಪಡೆಯುತ್ತಿದ್ದ ಮಹಿಳೆಗೆ ಕೊರತೆ 50.45 ಪೌಂಡ್, ವರ್ಷಕ್ಕೆ 2,600 ಪೌಂಡಿನ ಮೇಲೆ. ಗಂಡ 2008ರ ಫೆಬ್ರುವರಿಯಲ್ಲಿ 65 ಮುಟ್ಟಿದ್ದರೆ ಆಕೆಗೆ ಹಿಂದಿನದ್ದಾಗಿ ಸಿಗುವುದು ಹೆಚ್ಚೆಂದರೆ ಆ ಒಂದು ವರ್ಷದ ಮೊತ್ತ. ಏಪ್ರಿಲ್‌ನಲ್ಲಿ ಮುಟ್ಟಿದ್ದರೆ ಹನ್ನೆರಡು ವರ್ಷದ್ದು. ಮೊದಲ ಗುಂಪಿನವರ ವಿಷಯದಲ್ಲಿ ಸರ್ಕಾರದ ಪ್ರಕಾರ ತಪ್ಪೇ ಆಗಿಲ್ಲ. ಅರ್ಜಿ ಹಾಕದವರು ಅವರೇ ತಾನೇ! ಗಂಡನ ದಾಖಲೆ, ಹೆಂಡತಿಯ ದಾಖಲೆ ಎರಡೂ ಒಂದೇ ಇಲಾಖೆಯ ಕೈಯಲ್ಲಿದ್ದವು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

‘ಎಷ್ಟು ಹಿಂದಕ್ಕೆ’ ಎಂಬುದು ಬಾಕಿ ಪಾವತಿಯ ಜೀವಾಳ. ಅದೇ ಬ್ರಿಟನ್ನಿನಲ್ಲಿ, ಅಂಗವೈಕಲ್ಯ ಮತ್ತು ಅನಾರೋಗ್ಯದ ಹಳೆಯ ಭತ್ಯೆಯಿಂದ ಹೊಸದಕ್ಕೆ ಜನರನ್ನು ವರ್ಗಾಯಿಸುವಾಗ ಸುಮಾರು 70,000 ಮಂದಿಗೆ ಕಡಿಮೆ ಹಣ ಹೋಯಿತು ಎಂದು 2018ರಲ್ಲಿ ಅಂದಾಜಿಸಲಾಯಿತು. ಇಲಾಖೆ ತಪ್ಪನ್ನು ಒಪ್ಪಿಕೊಂಡಿತು. ಆದರೆ 2014ರ ಅಕ್ಟೋಬರ್ 21ಕ್ಕಿಂತ ಹಿಂದಿನದ್ದನ್ನು ಕೊಡಲು ಕಾನೂನೇ ಬಿಡುವುದಿಲ್ಲ ಎಂದಿತು. ಅಂದು ನ್ಯಾಯಮಂಡಳಿಯ ತೀರ್ಪೊಂದು ಬಂದಿತ್ತು. ತೀರ್ಪಿನಿಂದ ನಿಯಮದ ಅರ್ಥ ಸ್ಪಷ್ಟವಾದರೆ, ಆ ದಿನದಿಂದ ಮುಂದಕ್ಕಷ್ಟೇ ಅದರ ಲಾಭ ಎಂಬ ಒಂದು ಕಟ್ಟಳೆ ಅಲ್ಲಿದೆ. ಮಕ್ಕಳ ಬಡತನದ ವಿರುದ್ಧ ಕೆಲಸ ಮಾಡುವ ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್ ನ್ಯಾಯಾಲಯದ ಮೆಟ್ಟಿಲೇರಿತು. 2018ರ ಜುಲೈನಲ್ಲಿ ಸರ್ಕಾರ ಮನಸ್ಸು ಬದಲಿಸಿ, ವರ್ಗಾವಣೆಯಾದ ದಿನದಿಂದಲೇ ಕೊಡುವುದಾಗಿ ಘೋಷಿಸಿತು. ಕೆಲವೇ ತಿಂಗಳ ಹಿಂದೆ ‘ಬಿಡುವುದಿಲ್ಲ’ ಎನ್ನುತ್ತಿದ್ದ ಕಾನೂನಿನ ಒಂದು ಅಕ್ಷರವೂ ಅಷ್ಟರಲ್ಲಿ ಬದಲಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿಯೂ ಇಂಥ ಒಂದು ಗೆರೆ ಇದೆ. ಅಂಗವೈಕಲ್ಯ ಪಿಂಚಣಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ ತತ್ವವನ್ನು ಇವತ್ತಿಗೂ ನ್ಯಾಯಾಲಯಗಳು ಅನುಸರಿಸುತ್ತವೆ. ಪ್ರತಿ ತಿಂಗಳೂ ಪಿಂಚಣಿ ಕಡಿಮೆ ಬರುವುದು ‘ಮುಂದುವರಿಯುತ್ತಿರುವ ತಪ್ಪು’. ಆದ್ದರಿಂದ ಎಷ್ಟೇ ತಡವಾಗಿ ಬಂದರೂ ಪರಿಹಾರ ಕೇಳಬಹುದು. ಆದರೆ ಹಿಂದಿನ ಬಾಕಿ ಸಾಮಾನ್ಯವಾಗಿ ಅರ್ಜಿ ಸಲ್ಲಿಸುವುದಕ್ಕೆ ಮುಂಚಿನ ಸುಮಾರು ಮೂರು ವರ್ಷಗಳದ್ದಕ್ಕೆ ಸೀಮಿತ. ಆ ಪ್ರಕರಣದ ಸೈನಿಕ ಸೇವೆಯಿಂದ ಹೊರಬಂದದ್ದು 1983ರಲ್ಲಿ, ನ್ಯಾಯಾಲಯಕ್ಕೆ ಹೋದದ್ದು 1999ರಲ್ಲಿ. ನಡುವಿನ ಹೆಚ್ಚಿನ ವರ್ಷಗಳು ಹಾಗೆಯೇ ಕೊಚ್ಚಿಹೋದವು. ಹಳೆಯ ವ್ಯಾಜ್ಯಗಳಿಗೆ ಒಂದು ಕೊನೆ ಇರಬೇಕು ಎಂಬ ತರ್ಕ ಇಬ್ಬರು ವ್ಯಾಪಾರಿಗಳ ನಡುವಿನ ಸಾಲಕ್ಕೆ ಒಪ್ಪುತ್ತದೆ. ಇಬ್ಬರ ಬಳಿಯೂ ಲೆಕ್ಕದ ಪುಸ್ತಕ ಇರುತ್ತದೆ. ಫಲಾನುಭವಿಯ ಬಳಿ ಇರುವುದು ಬ್ಯಾಂಕಿನ ಪಾಸ್‌ಬುಕ್ ಮಾತ್ರ. ಅದರಲ್ಲಿ ಬಂದ ಮೊತ್ತ ಕಾಣುತ್ತದೆ, ಬರಬೇಕಿದ್ದ ಮೊತ್ತ ಕಾಣುವುದಿಲ್ಲ. ತಪ್ಪು ಗೊತ್ತಾಗುವ ಮೊದಲೇ ಕಾಲಮಿತಿ ಓಡಲು ಶುರುವಾದರೆ ಅದು ಕಳೆದುಕೊಂಡವರಿಗೆ ಹಾಕುವ ದಂಡವೇ ಸರಿ.

ಬಡ್ಡಿಯ ವಿಷಯದಲ್ಲಿ ಭಾರತದ ನ್ಯಾಯಾಲಯಗಳ ಮಾತು ಹೆಚ್ಚು ಗಟ್ಟಿ. ಪಿಂಚಣಿ, ಗ್ರಾಚ್ಯುಟಿಗಳು ಸರ್ಕಾರದ ಔದಾರ್ಯವಲ್ಲ, ನೌಕರನ ಕೈಯಲ್ಲಿರುವ ಹಕ್ಕು, ಆಸ್ತಿ. ತಪ್ಪಿನಿಂದ ತಡವಾದರೆ ಮಾರುಕಟ್ಟೆ ದರದ ಬಡ್ಡಿಯನ್ನು ದಂಡವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಮುಂದೂಡಿದ ಸಂಬಳ ಮತ್ತು ಪಿಂಚಣಿಗೆ ಆಂಧ್ರಪ್ರದೇಶ ಸರ್ಕಾರ ಶೇ 6ರ ಬಡ್ಡಿ ಕೊಡಬೇಕೆಂದು 2021ರಲ್ಲಿ ತೀರ್ಪಾಯಿತು. ಆದರೆ ಈ ಬಲವೆಲ್ಲ ಸಂಬಳದಾರರ ಪಿಂಚಣಿಗೆ. ಕೂಲಿಕಾರರ ಕಡೆ ನೋಡಿದರೆ ಚಿತ್ರ ಬೇರೆ. ಉದ್ಯೋಗ ಖಾತರಿಯ ಮನರೇಗಾ ಕಾಯ್ದೆಯಲ್ಲಿ 15 ದಿನ ಮೀರಿದ ಕೂಲಿಗೆ ದಿನಕ್ಕೆ ಶೇ 0.05ರ ಪರಿಹಾರ ಇತ್ತು. ಅಂದರೆ ಸಾವಿರ ರೂಪಾಯಿಗೆ ದಿನಕ್ಕೆ ಐವತ್ತು ಪೈಸೆ. ಅಷ್ಟನ್ನೂ ಲೆಕ್ಕ ಹಾಕುವಾಗ, ಹಣ ವರ್ಗಾವಣೆಯ ಆದೇಶ ತಯಾರಾದ ದಿನಕ್ಕೆ ಗಡಿಯಾರ ನಿಲ್ಲಿಸಲಾಗುತ್ತಿತ್ತು. ಆದೇಶ ತಯಾರಾದ ಮೇಲೆ ಕೂಲಿಕಾರನ ಖಾತೆಗೆ ದುಡ್ಡು ತಲುಪಲು ಹಿಡಿದ ವಾರಗಳು ವಿಳಂಬವೇ ಅಲ್ಲ! ಇದನ್ನು ಒಪ್ಪಲಾಗದು ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇನ್ನು ಹಣ ಕೊಡುವ ರೀತಿ. ಇದರಲ್ಲಿ ಅಮೆರಿಕದ ಎಸ್‌ಎಸ್‌ಐ ಯೋಜನೆಯ ನಿಯಮಗಳಷ್ಟು ಗೋಜಲಾದವು ನನ್ನ ಕಣ್ಣಿಗೆ ಬಿದ್ದಿಲ್ಲ. ವಯೋವೃದ್ಧರು, ಅಂಧರು, ಅಂಗವೈಕಲ್ಯವುಳ್ಳವರ ಪೈಕಿ ಆದಾಯವೂ ಆಸ್ತಿಯೂ ತೀರಾ ಕಡಿಮೆ ಇರುವವರಿಗೆ 1974ರಿಂದ ಕೊಡುತ್ತಿರುವ ಮಾಸಿಕ ಭತ್ಯೆ ಇದು. ಅರ್ಜಿ, ಮೇಲ್ಮನವಿ, ಅದರ ವಿಚಾರಣೆ ಎಂದು ವರ್ಷಗಳು ಉರುಳುವುದರಿಂದ, ಕೊನೆಗೆ ಹಕ್ಕು ಸಾಬೀತಾದಾಗ ದೊಡ್ಡ ಬಾಕಿ ಬೆಳೆದಿರುತ್ತದೆ. 1996ರ ಕಾನೂನು ಅಂಥ ಬಾಕಿಯನ್ನು ಕಂತುಗಳಲ್ಲಿ ಕೊಡಬೇಕೆಂದಿತು. ಈಗಿನ ನಿಯಮದಲ್ಲಿ ಬಾಕಿಯು ಗರಿಷ್ಠ ಮಾಸಿಕ ಭತ್ಯೆಯ ಮೂರು ಪಟ್ಟು ಮುಟ್ಟಿದರೆ ಸಾಕು, ಆರು ತಿಂಗಳಿಗೊಂದರಂತೆ ಮೂರು ಕಂತು. ಮೊದಲ ಎರಡು ಕಂತುಗಳು ಆ ಮೂರು ಪಟ್ಟನ್ನು ಸಾಮಾನ್ಯವಾಗಿ ಮೀರುವಂತಿಲ್ಲ. 2025ರಲ್ಲಿ ಮಾಸಿಕ ಗರಿಷ್ಠ 967 ಡಾಲರ್. ಅದರಂತೆ 11,000 ಡಾಲರ್ ಬಾಕಿ ಇದ್ದವರಿಗೆ ಮೊದಲು 2,901, ಆರು ತಿಂಗಳಾದ ಮೇಲೆ ಮತ್ತೆ 2,901, ವರ್ಷ ತುಂಬಿದ ಮೇಲೆ ಉಳಿದ 5,198. ಒಂದು ವರ್ಷದೊಳಗೆ ಸಾಯುವಷ್ಟು ಕಾಯಿಲೆ ಇದ್ದರೆ ಒಮ್ಮೆಗೇ ಕೊಡುತ್ತಾರೆ. ಮನೆ ಬಾಡಿಗೆ, ಊಟ, ಔಷಧಕ್ಕಾಗಿ ಮಾಡಿದ ಸಾಲ ತೋರಿಸಿದರೆ ಕಂತನ್ನು ಹಿಗ್ಗಿಸುತ್ತಾರೆ. ಅಂದರೆ ತನ್ನದೇ ಹಣ ಬೇಗ ಬೇಕಾದವನು ತಾನು ಸಾಯುತ್ತಿದ್ದೇನೆ ಎಂದೋ ಸಾಲದಲ್ಲಿದ್ದೇನೆ ಎಂದೋ ರುಜುವಾತು ಮಾಡಬೇಕು.

ಹಣ ಕೈಗೆ ಬಂದ ಮೇಲೂ ನಿಟ್ಟುಸಿರು ಬಿಡುವಂತಿಲ್ಲ. ಈ ಭತ್ಯೆ ಪಡೆಯುವ ಒಂಟಿ ವ್ಯಕ್ತಿಯ ಬಳಿ ಎಣಿಕೆಗೆ ಬರುವ ಆಸ್ತಿ 2,000 ಡಾಲರ್ ಮೀರಬಾರದು. ಈ ಮಿತಿ 1989ರಿಂದ ಕದಲಿಲ್ಲ. ಬಾಕಿಯಾಗಿ ಬಂದ ಹಣವನ್ನು ಒಂಬತ್ತು ತಿಂಗಳು ಆಸ್ತಿಯೆಂದು ಎಣಿಸುವುದಿಲ್ಲ. ಹತ್ತನೆಯ ತಿಂಗಳಲ್ಲಿ ಮಿತಿ ಮೀರಿ ಹಣ ಉಳಿದಿದ್ದರೆ ಭತ್ಯೆಯೇ ನಿಲ್ಲಬಹುದು. ವರ್ಷಗಟ್ಟಲೆ ಕೊಡದೆ ಉಳಿಸಿಕೊಂಡವರು, ಕೊಟ್ಟ ಮೇಲೆ ಒಂಬತ್ತು ತಿಂಗಳಲ್ಲಿ ಖರ್ಚು ಮಾಡು ಎನ್ನುತ್ತಾರೆ. ಕಂತುಗಳ ಪರವಾಗಿರುವವರು ದೊಡ್ಡ ಮೊತ್ತ ಒಮ್ಮೆಗೇ ಬಂದರೆ ಪೋಲಾಗುತ್ತದೆ, ಮೋಸಗಾರರ ಪಾಲಾಗುತ್ತದೆ ಎನ್ನುತ್ತಾರೆ. ಕೆಲವರ ವಿಷಯದಲ್ಲಿ ನಿಜವೂ ಇರಬಹುದು. ಆದರೆ ಆದಾಯ ತೆರಿಗೆ ಮರುಪಾವತಿ ಕೊಡುವಾಗ ಯಾವ ಸರ್ಕಾರವೂ ಈ ಚಿಂತೆ ಮಾಡಿದ್ದನ್ನು ಕಾಣೆ. ಈ ಪಿತೃವಾತ್ಸಲ್ಯ ಬಡವರಿಗಷ್ಟೇ ಮೀಸಲು.

ತಪ್ಪನ್ನು ಹುಡುಕುವ ಯಂತ್ರದ ಬಗ್ಗೆಯೂ ಹೇಳಬೇಕು. ಸರ್ಕಾರಗಳಿಗೆ ಹುಡುಕುವ ಶಕ್ತಿ ಇಲ್ಲವೆಂದಲ್ಲ. ಆಸ್ಟ್ರೇಲಿಯಾದ ‘ರೋಬೋಡೆಟ್’ ನೆನಪಿಸಿಕೊಳ್ಳಿ. ತೆರಿಗೆ ಇಲಾಖೆಯ ವಾರ್ಷಿಕ ಆದಾಯದ ಅಂಕಿಯನ್ನು ಹದಿನೈದು ದಿನಗಳ ಸರಾಸರಿಗೆ ಒಡೆದು, ಅದನ್ನು ಜನರು ಘೋಷಿಸಿದ ಆದಾಯದೊಂದಿಗೆ ತಾಳೆ ಹಾಕಿ, ‘ನಿಮಗೆ ಹೆಚ್ಚು ಕೊಟ್ಟಿದ್ದೇವೆ, ವಾಪಸು ಕಟ್ಟಿ’ ಎಂದು ಲಕ್ಷಾಂತರ ನೋಟಿಸುಗಳನ್ನು ಕಳುಹಿಸಿದ ವ್ಯವಸ್ಥೆ ಅದು. ಸರಾಸರಿಯ ಆ ಲೆಕ್ಕವೇ ಕಾನೂನಿಗೆ ವಿರುದ್ಧವಾಗಿತ್ತು. 2020ರಲ್ಲಿ 70 ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ಹಿಂದಿರುಗಿಸುವುದಾಗಿ ಸರ್ಕಾರ ಒಪ್ಪಿತು. 2023ರಲ್ಲಿ ಉನ್ನತ ತನಿಖಾ ಆಯೋಗವಾದ ರಾಯಲ್ ಕಮಿಷನ್ ಅದನ್ನು ಒರಟು ಮತ್ತು ಕ್ರೂರ ವ್ಯವಸ್ಥೆ ಎಂದು ಕರೆಯಿತು. ದತ್ತಾಂಶ ತಾಳೆ ಹಾಕಿದರೆ ಎರಡೂ ಬಗೆಯ ವ್ಯತ್ಯಾಸ ಕಾಣಬೇಕು: ಹೆಚ್ಚು ಪಡೆದವರೂ ಕಾಣಬೇಕು, ಕಡಿಮೆ ಪಡೆದವರೂ ಕಾಣಬೇಕು. ಬ್ರಿಟನ್ನಿನಲ್ಲಿ ಗಂಡ ಹೆಂಡಿರ ಎರಡು ಕಡತಗಳನ್ನು ಜೋಡಿಸಲು 35 ವರ್ಷ ಆಗದ ಕೆಲಸ, ವಸೂಲಿಯ ವಿಷಯ ಬಂದಾಗ ಎಷ್ಟು ಸಲೀಸಾಗಿಬಿಡುತ್ತದೆ! ವಸೂಲಿಗೆ ಕಡಿವಾಣ ಹಾಕುವುದರಲ್ಲಿ ಮಾತ್ರ ನಮ್ಮ ನ್ಯಾಯಾಲಯಕ್ಕೆ ಮೆಚ್ಚುಗೆ ಸಲ್ಲಬೇಕು. ಕೆಳ ದರ್ಜೆಯ ನೌಕರರಿಂದ ಅಥವಾ ನಿವೃತ್ತರಿಂದ, ಇಲ್ಲವೇ ಐದು ವರ್ಷಕ್ಕಿಂತ ಹೆಚ್ಚು ಕಾಲ ತಪ್ಪಾಗಿ ಕೊಟ್ಟಿದ್ದರೆ, ಹೆಚ್ಚುವರಿ ಹಣವನ್ನು ಹಿಂಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಮನಸ್ಸಿದ್ದರೆ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಅಮೆರಿಕದ್ದೇ ಇನ್ನೊಂದು ಉದಾಹರಣೆ ಇದೆ. ಶಿಕ್ಷಕರು, ಪೊಲೀಸರು, ಅಗ್ನಿಶಾಮಕ ಸಿಬ್ಬಂದಿಯಂಥ ಕೆಲವು ಸರ್ಕಾರಿ ನೌಕರರ ಸಾಮಾಜಿಕ ಭದ್ರತಾ ಪಿಂಚಣಿಯನ್ನು ಕಡಿತಗೊಳಿಸುತ್ತಿದ್ದ ಎರಡು ನಿಯಮಗಳನ್ನು 2025ರ ಜನವರಿ 5ರಂದು ಸಹಿ ಬಿದ್ದ ಕಾನೂನು ರದ್ದು ಮಾಡಿತು, ಅದೂ 2024ರ ಜನವರಿಯಿಂದ ಪೂರ್ವಾನ್ವಯವಾಗುವಂತೆ. ಫೆಬ್ರುವರಿ ಕೊನೆಯಲ್ಲಿ ಹಣ ಹೋಗಲು ಆರಂಭವಾಯಿತು. ಜುಲೈ ಹೊತ್ತಿಗೆ 31 ಲಕ್ಷ ಪಾವತಿಗಳಲ್ಲಿ 1,700 ಕೋಟಿ ಡಾಲರ್ ಕೊಟ್ಟು ಮುಗಿಸಿದ್ದಾಗಿ ಇಲಾಖೆ ಪ್ರಕಟಿಸಿತು. ಈಗಾಗಲೇ ಪಿಂಚಣಿ ಪಡೆಯುತ್ತಿದ್ದವರಲ್ಲಿ ಹೆಚ್ಚಿನವರು ಹೊಸ ಅರ್ಜಿ ಹಾಕಬೇಕಾಗಲಿಲ್ಲ. ಇದು ತಪ್ಪಿನಿಂದಾದ ಬಾಕಿಯಲ್ಲ, ಕಾನೂನು ಬದಲಾದದ್ದರಿಂದ ಬಂದದ್ದು, ನಿಜ. ಯಾರಿಗೆ ಕೊಡಬೇಕೆಂಬ ಪಟ್ಟಿ ಕಂಪ್ಯೂಟರಿನಲ್ಲೇ ಇತ್ತು, ಅದೂ ನಿಜ. ಆದರೆ ಕಂತುಗಳ ಮಾತೇ ಬರಲಿಲ್ಲವಲ್ಲ. ಫಲಾನುಭವಿಗಳು ಸಂಘಟಿತರು, ಮತ ಹಾಕುವವರು.

ತಡವಾದಾಗ ಕೊಡುವವರಿಗೆ ಲಾಭವೇ ಆಗುತ್ತದೆ ಎಂಬುದನ್ನು ಯಾವ ಸರ್ಕಾರವೂ ಬಾಯಿಬಿಟ್ಟು ಹೇಳುವುದಿಲ್ಲ. ಎಸ್‌ಎಸ್‌ಐ ಬಾಕಿ ಇದ್ದವರು ತೀರಿಕೊಂಡರೆ, ಜೊತೆಯಲ್ಲಿ ಬಾಳುತ್ತಿದ್ದ ಸಂಗಾತಿಗೆ, ಅಥವಾ ಸತ್ತದ್ದು ಅಂಗವೈಕಲ್ಯವುಳ್ಳ ಮಗುವಾದರೆ ತಂದೆ ತಾಯಿಗೆ ಮಾತ್ರ ಆ ಹಣ ಸಿಗಬಹುದು. ಇಲ್ಲದಿದ್ದರೆ ಬಾಕಿ ಅಲ್ಲಿಗೇ ಮುಗಿಯಿತು. ಬೆಳೆದ ಮಕ್ಕಳಿಗೂ ಇಲ್ಲ, ಅಕ್ಕತಂಗಿಯರಿಗೂ ಇಲ್ಲ. ಬ್ರಿಟನ್ನಿನ ತಿದ್ದುಪಡಿ ಕಾರ್ಯ ಶುರುವಾದಾಗ, ಸತ್ತವರ ವಾರಸುದಾರರನ್ನು ಸಂಪರ್ಕಿಸಲು ಔಪಚಾರಿಕ ಯೋಜನೆಯೇ ಇಲ್ಲ ಎಂದು ಲೆಕ್ಕಪರಿಶೋಧಕರು ಬರೆದರು. ಮರಣದ ಕೆಲವು ವರ್ಷಗಳ ನಂತರ ದಾಖಲೆಗಳನ್ನೇ ಅಳಿಸುವ ಪದ್ಧತಿಯೂ ಅಲ್ಲಿತ್ತು. ಭಾರತದಲ್ಲಿ ಕೇಂದ್ರ ಸರ್ಕಾರಿ ಪಿಂಚಣಿದಾರರಿಗೆ 1983ರ ನಾಮನಿರ್ದೇಶನ ನಿಯಮಗಳಿವೆ. ಮರಣಕ್ಕೆ ಮುಂಚಿನ ಬಾಕಿಯನ್ನು ನಾಮಿನಿ ಪಡೆಯಬಹುದು. ನಾಮನಿರ್ದೇಶನ ಮಾಡಿಸದೆ ಹೋದವರ ಮನೆಯವರು ವಾರಸಾ ಪ್ರಮಾಣಪತ್ರದ ಹಿಂದೆ ಅಲೆಯಬೇಕಾಗುತ್ತದೆ ಎಂಬುದು ಬೇರೆ ಮಾತು. ಬದುಕಿರುವಾಗಲೇ ಕೊಡಿ ಎಂಬ ಒತ್ತಾಯವನ್ನು ಭಾವುಕತೆ ಎಂದು ತಳ್ಳಿಹಾಕುವವರು ಈ ನಿಯಮಗಳನ್ನೊಮ್ಮೆ ಓದಬೇಕು.

ನನ್ನ ಮಟ್ಟಿಗೆ ಸುಧಾರಣೆ ಶುರುವಾಗಬೇಕಾದದ್ದು ದೊಡ್ಡ ಕಾನೂನಿನಿಂದಲ್ಲ, ಒಂದು ಹಾಳೆಯಿಂದ. ಬಾಕಿ ಹಣದ ಜೊತೆ ಬರುವ ಪತ್ರದಲ್ಲಿ ಒಟ್ಟು ಮೊತ್ತ ಮಾತ್ರ ಇದ್ದರೆ ಅದನ್ನು ಪರೀಕ್ಷಿಸುವುದು ಯಾರಿಗೂ ಸಾಧ್ಯವಿಲ್ಲ. ಕೊರತೆ ಯಾವ ತಿಂಗಳಿನಿಂದ ಲೆಕ್ಕಕ್ಕೆ ಬಂದಿದೆ, ಆ ತಿಂಗಳೇ ಏಕೆ, ತಿಂಗಳು ತಿಂಗಳು ಬರಬೇಕಿದ್ದದ್ದು ಎಷ್ಟು ಬಂದದ್ದು ಎಷ್ಟು, ಹಳೆಯ ಹೆಚ್ಚುವರಿ ಪಾವತಿಯ ಹೆಸರಿನಲ್ಲಿ ಏನಾದರೂ ಮುರಿದುಕೊಂಡಿದ್ದಾರೆಯೇ, ಬಡ್ಡಿ ಸೇರಿದೆಯೇ ಇಲ್ಲವೇ ಎಂಬಷ್ಟಾದರೂ ಅದರಲ್ಲಿರಬೇಕು. ಇವುಗಳಲ್ಲಿ ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು ಮೊದಲನೆಯದನ್ನು, ಆರಂಭದ ತಿಂಗಳನ್ನು. ದೊಡ್ಡ ಮೊತ್ತ ಸೋರಿಹೋಗುವುದು ಅಲ್ಲಿಯೇ. ಪ್ರಶ್ನಿಸಲು ಸಿಗುವ ಸಮಯವೂ ಕಡಿಮೆ: ಮರುಪರಿಶೀಲನೆ ಕೇಳಲು ಅಮೆರಿಕದಲ್ಲಿ 60 ದಿನ, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ತಿಂಗಳು. ಲೆಕ್ಕದ ವಿವರ ಕೊಡದ ಪತ್ರಕ್ಕೆ ಈ ಗಡುವು ಅನ್ವಯಿಸಬಾರದು. ತಿಂಗಳುವಾರು ಲೆಕ್ಕ ಫಲಾನುಭವಿಯ ಕೈ ಸೇರಿದ ದಿನದಿಂದಷ್ಟೇ ಅದು ಓಡಬೇಕು.